ದುಬೈಗೆ ಹೊರಟವರು ಮದರಾಸಿನಲ್ಲಿ ಇಳಿದದ್ದು

ನಮ್ಮ ಕಾಸರಗೋಡಿನ ಕಡೆ ಆಗೆಲ್ಲ ಮನೆಗೆ ವಿಸಿಪಿ ಬರುವುದೆಂದರೆ ಅಂಗಳಕ್ಕೆ ಯಕ್ಷಗಾನದ ಮೇಳ ಬಂದಷ್ಟು ಗೌಜಿ. ಬದಿಯಡ್ಕದಿಂದ ಜೀಪಿನಲ್ಲಿ ಟಿವಿ, ವಿಸಿಪಿ, ಮೂರು ಕ್ಯಾಸೆಟ್ ಬಂದಿಳಿದವು, ಒಂದು ರಾತ್ರಿಯ ಬಾಡಿಗೆಗೆ. ಆಟಿಯೋ ಸೋಣವೋ ಈಗ ನೆನಪಾಗುವುದಿಲ್ಲ. ಮಳೆಯಂತೂ ಬಿಟ್ಟೂಬಿಡದೆ ಹೊಯ್ಯುತ್ತಿತ್ತು. ಅಡಿಕೆಗೆ ಮದ್ದು ಬಿಡಲಾಗದೆ ದೊಡ್ಡಮಾವ ಚಾವಡಿಯಲ್ಲಿ ಚಡಪಡಿಸುತ್ತಿದ್ದರು. ಆ ಬೇಸರಕ್ಕೇ ತರಿಸಿದ್ದಿರಬೇಕು, ಇಲ್ಲವಾದರೆ ಅವರು ಸುಲಭಕ್ಕೆ ದುಡ್ಡು ಬಿಚ್ಚುವ ಜನವಲ್ಲ.

ಅಜ್ಜಿಗೆಂದು ಒಂದು ರಾಜಕುಮಾರರ ಪೌರಾಣಿಕ. ಉಳಿದೆರಡು ಮಲಯಾಳದವು: 1987ರ ‘ನಾಡೋಡಿಕ್ಕಾಟ್ಟ್’, ಮರುವರ್ಷ ಬಂದ ಅದರ ಮುಂದುವರಿಕೆ ‘ಪಟ್ಟಣಪ್ರವೇಶಂ’. ಎರಡನ್ನೂ ನಿರ್ದೇಶಿಸಿದವರು ಸತ್ಯನ್ ಅಂತಿಕ್ಕಾಡ್. ಮನೆಮಾತು ಕನ್ನಡ, ಶಾಲೆ ಕನ್ನಡ, ಆದರೆ ಬಸ್ಸಿನಲ್ಲಿ, ಪೇಟೆಯಲ್ಲಿ ಮಲಯಾಳ ಕೇಳಿಯೇ ಬೆಳೆದ ನಮಗೆ ಮಾತು ತೊಡಕಾಗಲಿಲ್ಲ.

ಕಥೆಯಲ್ಲಿ ದಾಸ, ವಿಜಯ ಎಂಬ ಇಬ್ಬರು ಬಡ ಗೆಳೆಯರು. ಮೋಹನ್‌ಲಾಲ್ ದಾಸ, ಶ್ರೀನಿವಾಸನ್ ವಿಜಯ. ಚಿತ್ರಕಥೆ ಬರೆದವರೂ ಶ್ರೀನಿವಾಸನ್ನೇ. ತನ್ನ ಕುಳ್ಳು ಮೈಯನ್ನೂ ಕಪ್ಪು ಬಣ್ಣವನ್ನೂ ತಾನೇ ಗೇಲಿಗೊಡ್ಡಿಕೊಂಡು, ಒಳ್ಳೆಯ ಮಾತುಗಳನ್ನೆಲ್ಲ ಎದುರಿನವನಿಗೆ ಬಿಟ್ಟುಕೊಟ್ಟ ಪುಣ್ಯಾತ್ಮ. ದಾಸ ಬಿ.ಕಾಂ. ಫಸ್ಟ್ ಕ್ಲಾಸು. ಆ ಡಿಗ್ರಿಯ ಜಂಬ ಅವನಿಗೆ ಕಡೆಯವರೆಗೂ ಇಳಿಯುವುದಿಲ್ಲ, ಮಾಡುತ್ತಿದ್ದುದು ಪ್ಯೂನ್ ಕೆಲಸವಾದರೂ. ಆ ಕೆಲಸವೂ ಹೋಗುತ್ತದೆ. ಬ್ಯಾಂಕಿನಲ್ಲಿ ಸಾಲ ಮಾಡಿ ಎರಡು ದನ ಕಟ್ಟುತ್ತಾರೆ. ಹಾಲು ಲೆಕ್ಕಕ್ಕೆ ಸಿಕ್ಕುವಷ್ಟೂ ಬರುವುದಿಲ್ಲ.

ಇಲ್ಲಿ ನಾವೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರೆ ದೊಡ್ಡಮಾವ ಮಾತ್ರ ನಗಲಿಲ್ಲ. ಅವರೂ ಸಾಲದಲ್ಲೇ ಒಂದು ಜರ್ಸಿ ದನ ತಂದವರು. “ಹಾಲು ಕೊಡದ ದನ ನಗುವ ವಿಷಯ ಅಲ್ಲ ಮಾರಾಯ್ರೇ” ಎಂದು ಎಲೆಯಡಿಕೆಯ ತಟ್ಟೆ ಎಳೆದುಕೊಂಡರು. ಅತ್ತೆ ಒಳಗಿನಿಂದ ಹಲಸಿನ ಹಪ್ಪಳ ಕರಿದು ಕರಿದು ಕಳಿಸುತ್ತಿದ್ದರು, ಜೊತೆಗೆ ಬೆಲ್ಲದ ಕಾಫಿ. ಹಪ್ಪಳ ಮುರಿಯುವ ಸದ್ದಿಗೆ ಮಾತು ಕೇಳುವುದಿಲ್ಲವೆಂದು ಅಜ್ಜಿಯ ತಕರಾರು. ಅಜ್ಜಿಗೋ ಮಲಯಾಳ ಒಂದಕ್ಷರ ಬಾರದು!

ಆಮೇಲೆ ಗಫೂರ್. ಆ ಪಾತ್ರಕ್ಕೆ ಮಾಮುಕ್ಕೋಯ. ಸಿನಿಮಾಕ್ಕೆ ಬರುವ ಮೊದಲು ಕೋಝಿಕ್ಕೋಡಿನ ಕಲ್ಲಾಯಿಯಲ್ಲಿ ಮರದ ಕೆಲಸದಲ್ಲಿದ್ದ ಮನುಷ್ಯ, ಆ ಊರಿನ ಮಾತನ್ನೇ ತೆರೆಗೆ ತಂದವರು. ಗಫೂರ್ ದುಬೈಗೆಂದು ಇವರಿಬ್ಬರಿಂದ ದುಡ್ಡು ತೆಗೆದುಕೊಂಡು, ತನ್ನ ಉರು, ಅಂದರೆ ಮರದ ಹಡಗು, ಕ್ಯಾಲಿಫೋರ್ನಿಯಾಕ್ಕೆ ಹೋಗುವುದು, ನಿಮಗೋಸ್ಕರ ದುಬೈ ಕಡೆಯಾಗಿ ತಿರುಗಿಸುತ್ತೇನೆ ಎನ್ನುತ್ತಾನೆ. ಇವರು ಈಜಿ ದಡ ಸೇರಿ, ಅರಬರ ವೇಷ ತೊಟ್ಟು ನಡೆದರೆ ಎದುರಿಗೆ ತಮಿಳು ಬೋರ್ಡು. ಮದರಾಸು!

ಆಗ ಎಲ್ಲರಿಗಿಂತ ಜೋರಾಗಿ ನಕ್ಕದ್ದು ನಮ್ಮಲ್ಲಿ ಅಡಿಕೆ ಕೊಯ್ಯಲು ಬರುತ್ತಿದ್ದ ಕಾಕ. ನಗು ನಿಂತ ಮೇಲೆ ಅವರು ಹೇಳಿದ್ದು ಬೇರೆ. ಹಿಂದೆ ಲಾಂಚಿನಲ್ಲಿ ಗಲ್ಫಿಗೆ ಕದ್ದು ಹೋಗುವ ಕಾಲದಲ್ಲಿ ಖೋರ್‌ಫಕ್ಕಾನಿನ ಹತ್ತಿರ ಜನರನ್ನು ನೀರಿಗೇ ಇಳಿಸುತ್ತಿದ್ದರಂತೆ, ಈಜು ಬಂದವ ದಡ ಸೇರಿದ. ಅವರ ಸಂಬಂಧಿಕರೊಬ್ಬರು ಹಾಗೆಯೇ ಹೋದವರು. ಸೇರಿದರೋ ಇಲ್ಲವೋ ಎಂದೂ ಹೇಳಿದ್ದರು, ನನಗೆ ಮರೆತಿದೆ. ಅಷ್ಟರಲ್ಲಿ ಕರೆಂಟು ಬೇರೆ ಹೋಯಿತು.

ಕರೆಂಟು ಬಂದ ಮೇಲೆಯೇ ಪೋಲೀಸು ಕಥೆ ಶುರು. ಕಡಲತಡಿಯಲ್ಲಿ ಕಳ್ಳಸಾಗಣೆಯವರ ಪೆಟ್ಟಿಗೆ ಇವರ ಕೈಗೆ ಸಿಕ್ಕಿ, ಅದನ್ನು ಠಾಣೆಗೆ ಒಪ್ಪಿಸಿದ್ದೇ ತಡ, ಕಳ್ಳರ ಧಣಿ ಅನಂತನ್ ನಂಬಿಯಾರ್ ಇವರು ಸಿಐಡಿಗಳೇ ಎಂದು ನಡುಗುತ್ತಾನೆ. ತಿಲಕನ್ ನಡುಗಿದ್ದನ್ನು ನೋಡಬೇಕು ನೀವು. ಹೊಟ್ಟೆಗಿಲ್ಲದ ಇಬ್ಬರನ್ನು ಪೋಲೀಸರನ್ನಾಗಿ ಮಾಡಿದ್ದು ಸರಕಾರವಲ್ಲ, ಕಳ್ಳನ ಹೆದರಿಕೆ. ಕೊಲ್ಲಲು ಬರುವ ಪವನಾಯಿಯಾಗಿ ಕ್ಯಾಪ್ಟನ್ ರಾಜು. ನಿಜಕ್ಕೂ ಸೈನ್ಯದಲ್ಲಿದ್ದ ಆಳು ಅವರು. ಪೆಟ್ಟಿಗೆ ತುಂಬ ಆಯುಧ ಹೊತ್ತು ಬಂದವ ಕಡೆಗೆ ಗೋಪುರದಿಂದ ತಾನೇ ಬಿದ್ದು ಸಾಯುತ್ತಾನೆ.

ಇವರಿಗೆ ಕೆಲಸ ಕೊಡಿಸುವ ಬಾಲಣ್ಣನ ಪಾತ್ರ ಮಾಡಿದ ಇನ್ನೊಸೆಂಟ್ ನಟನಾಗಿ ಹೆಸರು ಮಾಡುವ ಮೊದಲು ನಮ್ಮ ದಾವಣಗೆರೆಯಲ್ಲಿ ಬೆಂಕಿಪೊಟ್ಟಣದ ಕಾರ್ಖಾನೆ ನಡೆಸಿದವರು. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆ ರಾತ್ರಿಯೇ ಗೊತ್ತಿದ್ದಿದ್ದರೆ ದೊಡ್ಡಮಾವನೆದುರು ಒಂದಿಷ್ಟು ಜಂಬ ಕೊಚ್ಚಿಕೊಳ್ಳಬಹುದಿತ್ತು. ಇನ್ನೊಸೆಂಟರೂ ಮಾಮುಕ್ಕೋಯರೂ 2023ರಲ್ಲಿ ಒಂದೇ ತಿಂಗಳ ಅಂತರದಲ್ಲಿ ತೀರಿಕೊಂಡರು.

ಮೊದಲ ಚಿತ್ರದ ಕೊನೆಗೆ ಇಬ್ಬರಿಗೂ ಪೋಲೀಸ್ ಕೆಲಸವೇ ಸಿಗುತ್ತದೆ. ಎರಡನೆಯದರಲ್ಲಿ ಅವರು ನಿಜವಾದ ಸಿಐಡಿಗಳು. ಅದನ್ನು ನೋಡುವಾಗ ನನಗೆ ಅರ್ಧ ನಿದ್ದೆ, ಅಜ್ಜಿಯ ಪೌರಾಣಿಕ ಹಾಕಲೇ ಇಲ್ಲವೆಂದು ಬೆಳಿಗ್ಗೆ ಜಗಳ. ಮೂರನೆಯದು, 1990ರ ‘ಅಕ್ಕರೆ ಅಕ್ಕರೆ ಅಕ್ಕರೆ’, ಕದ್ದ ಚಿನ್ನದ ಕಿರೀಟ ಹುಡುಕುತ್ತ ಅಮೆರಿಕಕ್ಕೇ ಹೋಯಿತು. ನಿರ್ದೇಶನ ಪ್ರಿಯದರ್ಶನ್ ಅವರದು. ನಗು ಅದರಲ್ಲೂ ಬೇಕಾದಷ್ಟುಂಟು. ಆದರೂ ಎರಡು ದನ, ಒಂದು ಬಾಡಿಗೆ ಮನೆ, ಮದರಾಸಿನ ಬೀದಿ ಇಷ್ಟರಲ್ಲೇ ಮುಗಿಸಿದ ಮೊದಲನೆಯದೇ ನನ್ನ ಲೆಕ್ಕದಲ್ಲಿ ಮೇಲು. ನೋಡುವುದಾದರೆ ಅದನ್ನೇ ಮೊದಲು ನೋಡಿ, ಹಪ್ಪಳ ಮಾತ್ರ ಮೊದಲೇ ತಿಂದು ಮುಗಿಸಿ.