ಎರಡನೆಯ ಮದುವೆಗೆ ಮುನ್ನ ಒಂದು ಪ್ರಾರ್ಥನೆ

ತೊಗರಿ ರಾಶಿ ಮುಗಿದು ಹೊಲಗಳು ಬರಿದಾಗಿದ್ದ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಐನಾಪುರದ ನಮ್ಮ ಮನೆಗೆ ಬಂದಿದ್ದ. ಏಳನೆಯ ತರಗತಿಯಲ್ಲಿ ಕಡೆಯ ಸಾಲಿನಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿದ್ದ ಹುಡುಗ. ಈಗ ಅವನ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿದೆ. ಶಹಾಬಾದಿನಲ್ಲಿ ಕಲ್ಲಿನ ವ್ಯಾಪಾರ ಮಾಡಿಕೊಂಡಿದ್ದಾನೆ. ಹೆಂಡತಿ ತೀರಿಕೊಂಡು ಎರಡು ವರ್ಷಗಳಾಗಿವೆ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಚಹಾ ಕುಡಿದು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಬಾಯಿಬಿಟ್ಟ: "ಸರ್, ಮನ್ಯಾಗ ಎಲ್ಲಾರೂ ಮತ್ತ ಮದುವಿ ಆಗು ಅಂತಾರ. ಪ್ರಾರ್ಥನೆ ಮಾಡಿ ನಿರ್ಧಾರ ಮಾಡು ಅಂತ ಅಯ್ಯನವರು ಹೇಳ್ಯಾರ. ಆದ್ರ ಏನಂತ ಪ್ರಾರ್ಥನೆ ಮಾಡಬೇಕು, ಅದೇ ತಿಳೀವಲ್ದು."

ನಾನು ಪಾಠ ಹೇಳಿದವನೇ ಹೊರತು ಪ್ರಸಂಗ ಮಾಡಿದವನಲ್ಲ. ಆದರೂ ಅವನ ಪ್ರಶ್ನೆಗೆ ಉತ್ತರ ಕೊಡುವ ಒಂದು ಅರ್ಹತೆ ನನಗಿತ್ತು. ಈ ವಿಷಯದಲ್ಲಿ ನಾನು ಒಮ್ಮೆ ತಪ್ಪಾಗಿ ಪ್ರಾರ್ಥಿಸಿದವನು. ಅದನ್ನು ಅವನಿಗೆ ಹೇಳಿದೆ. ಇಲ್ಲಿ ಬರೆದಿಡುವುದು ಒಳ್ಳೆಯದೆಂದು ತೋರಿದ್ದರಿಂದ ಬರೆಯುತ್ತಿದ್ದೇನೆ. ನನ್ನ ಸೊಸೆ ಇದನ್ನು ಓದಿ, ಒಪ್ಪಿದ ಮೇಲೆಯೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ಒಬ್ಬನೇ ಮಗ 2008ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಇನ್ನು ಹನ್ನೊಂದು ದಿನಗಳಿರುವಾಗ, ರಸ್ತೆ ಅಪಘಾತದಲ್ಲಿ ತೀರಿಕೊಂಡ. ಸೊಸೆಗೆ ಆಗ ಇಪ್ಪತ್ತೊಂಬತ್ತು ವರ್ಷ, ಮೊಮ್ಮಗಳಿಗೆ ನಾಲ್ಕು. ಸೊಸೆ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ತವರಿಗೆ ಹೋಗಲಿಲ್ಲ, ನಮ್ಮೊಡನೆಯೇ ಉಳಿದಳು. ನಾವು ಮೂರು ವರ್ಷ ಆ ಮೂರು ಕೋಣೆಗಳ ಮನೆಯಲ್ಲಿ ಒಬ್ಬರ ಕಣ್ಣೀರನ್ನು ಇನ್ನೊಬ್ಬರಿಂದ ಮರೆಮಾಚಿಕೊಂಡು ಬದುಕಿದೆವು. ರಾತ್ರಿ ಊಟವಾದ ಮೇಲೆ ಕುಟುಂಬ ಪ್ರಾರ್ಥನೆ. ಸತ್ಯವೇದದ ಒಂದು ಅಧ್ಯಾಯವನ್ನು ನಾನು ಓದುತ್ತಿದ್ದೆ, ನನ್ನ ಹೆಂಡತಿ ಪ್ರಾರ್ಥಿಸುತ್ತಿದ್ದಳು, ಮೊಮ್ಮಗಳು ಕೊನೆಯಲ್ಲಿ ಗಟ್ಟಿಯಾಗಿ ಆಮೆನ್ ಅನ್ನುತ್ತಿದ್ದಳು. ಆ ಆಮೆನ್ ಒಂದಕ್ಕಾಗಿಯೇ ನಾನು ಬದುಕಿದ್ದೇನೆ ಎಂದು ಆಗ ಅನ್ನಿಸುತ್ತಿತ್ತು.

2011ರ ನವೆಂಬರಿನಲ್ಲಿ ನಾವು ಎಂದಿನಂತೆ ಧಾರೂರಿನ ಜಾತ್ರೆಗೆ ಹೋದೆವು. ದೂರದಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಇದು ಹೊಸದಿರಬಹುದು. ತಾಂಡೂರು ದಾಟಿದ ಮೇಲೆ ಸಿಗುವ ಧಾರೂರಿನಲ್ಲಿ ಮೆಥೋಡಿಸ್ಟ್ ಸಭೆಯವರ ಜಾತ್ರೆ ಸುಮಾರು ನೂರು ವರ್ಷಗಳಿಂದ ನಡೆದುಬಂದಿದೆ. ನಮ್ಮ ಗಡಿಯ ಹಳ್ಳಿಗಳವರೂ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಕನ್ನಡದ ಹಾಡು, ತೆಲುಗಿನ ಪ್ರಸಂಗ, ಮರಗಳ ಕೆಳಗೆ ಅಡುಗೆಯ ಹೊಗೆ. ಅಲ್ಲಿಯೇ ನಮ್ಮ ಸಭೆಯ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ವಾಡಿಯಲ್ಲಿ ರೈಲ್ವೆ ನೌಕರಿಯಲ್ಲಿರುವ ಒಬ್ಬ ವಿಧುರನ ವಿಚಾರ ಎತ್ತಿದರು. ಸಂಭಾವಿತ, ಮಕ್ಕಳಿಲ್ಲ, ನಿಮ್ಮ ಸೊಸೆಗೆ ತಕ್ಕವನು ಎಂದರು. "ಪ್ರಾರ್ಥನೆ ಮಾಡೋಣ" ಎಂದೆ. ಈ ಮಾತು ನಮ್ಮಲ್ಲಿ ಕೆಲವೊಮ್ಮೆ 'ಇಲ್ಲ' ಎನ್ನುವುದಕ್ಕೆ ಬಳಕೆಯಾಗುತ್ತದೆ. ನಾನೂ ಹಾಗೆಯೇ ಬಳಸಿದೆ.

ಡಿಸೆಂಬರಿನಲ್ಲಿ ಆ ವಿಧುರನ ಮನೆಯ ಹಿರಿಯರಿಂದ ಪತ್ರ ಬಂದಿತು. ಸೊಸೆಗೆ ತೋರಿಸಿ ಅವಳ ಮನಸ್ಸು ತಿಳಿಸಿರಿ ಎಂದು ವಿನಯದಿಂದ ಬರೆದಿದ್ದರು. ನಾನು ಅದನ್ನು ಸೊಸೆಗೆ ತೋರಿಸಲಿಲ್ಲ. ಕಪಾಟಿನಲ್ಲಿದ್ದ ಕಿಟ್ಟೆಲ್ ನಿಘಂಟಿನ ಒಂದು ಸಂಪುಟದೊಳಗೆ ಇಟ್ಟುಬಿಟ್ಟೆ. ಪ್ರತಿ ರಾತ್ರಿ ಮಾತ್ರ "ಕರ್ತನೇ, ನಿನ್ನ ಚಿತ್ತದಂತೆ ಆಗಲಿ" ಎಂದು ಪ್ರಾರ್ಥಿಸುತ್ತಿದ್ದೆ. ದೇವರ ಚಿತ್ತವೇನೆಂಬುದನ್ನು ನಾನೇ ತೀರ್ಮಾನಿಸಿ, ಕಪಾಟಿಗೆ ಬೀಗ ಹಾಕಿ, ಅನಂತರ ಅದಕ್ಕೆ ಆತನ ರುಜು ಕೇಳುತ್ತಿದ್ದೆ. ಸೊಸೆ ಹೋದರೆ ಮೊಮ್ಮಗಳೂ ಹೋಗುತ್ತಾಳೆ. ಮಗುವಿನ ಬಾಯಲ್ಲಿ ನನ್ನ ಮಗನ ಹೆಸರು ಮಾಸಿಹೋಗುತ್ತದೆ. ನನ್ನ ಭಯ ಇಷ್ಟೇ ಆಗಿತ್ತು. ಅದನ್ನು ದೇವರ ಮುಂದೆ ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ.

ಮೂರು ವಾರಗಳಾದ ಮೇಲೆ ಒಂದು ರಾತ್ರಿ ನನ್ನ ಹೆಂಡತಿ ದೀಪ ಸಣ್ಣದು ಮಾಡುತ್ತ ಹೇಳಿದಳು: "ನೀವು ದೇವರ ಹತ್ರ ಪ್ರಾರ್ಥನಾ ಮಾಡಾಕತ್ತಿಲ್ರಿ, ಹಾಜರಿ ತೊಗೋಳಾಕತ್ತೀರಿ. ನೀವು ಹೆಸರು ಕೂಗಬೇಕು, ಆತ 'ಹೌದು ಸರ್' ಅನ್ನಬೇಕು." ಮೂವತ್ತಾರು ವರ್ಷ ಹಾಜರಿ ಪುಸ್ತಕ ಹಿಡಿದಿದ್ದ ನನಗೆ ಅದಕ್ಕಿಂತ ಸರಿಯಾದ ಏಟು ಬೇರೆ ಇರಲಿಲ್ಲ. ಪತ್ರದ ಸಂಗತಿಯನ್ನು ಅವಳಿಗೆ ಹೇಳಿದೆ. ಅವಳು ಬೈಯಲಿಲ್ಲ. "ರೂತಳ ಪುಸ್ತಕ ಓದ್ರಿ" ಎಂದಷ್ಟೇ ಹೇಳಿ ಮಲಗಿದಳು.

ರೂತಳ ಪುಸ್ತಕ ನನಗೆ ಗೊತ್ತಿದ್ದುದೇ. ನಾಲ್ಕೇ ಅಧ್ಯಾಯಗಳು. ಅತ್ತೆಯನ್ನು ಬಿಟ್ಟು ಹೋಗೆನೆಂದ ಸೊಸೆಯ ನಿಷ್ಠೆಯನ್ನು ನಾವೆಲ್ಲ ಮೆಚ್ಚುತ್ತೇವೆ. ನಾನೂ ಅಲ್ಲಿಗೇ ನಿಂತುಬಿಡುತ್ತಿದ್ದೆ. ಆ ರಾತ್ರಿ ಮುಂದಕ್ಕೆ ಓದಿದೆ. ಮೂರನೆಯ ಅಧ್ಯಾಯದಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ನೊವೊಮಿ, ಸೊಸೆಗೆ ಒಂದು ನೆಲೆ ಸಿಗಬೇಕೆಂದು ತಾನೇ ಮುಂದಾಗಿ ಬೋವಜನ ಕಡೆಗೆ ಕಳುಹಿಸುತ್ತಾಳೆ. ನಿಷ್ಠೆ ತೋರಿದ ಸೊಸೆಯನ್ನು ಅತ್ತೆ ತನ್ನ ಮುಪ್ಪಿನ ಊರುಗೋಲಾಗಿ ಇಟ್ಟುಕೊಳ್ಳಲಿಲ್ಲ. ಆ ಮನೆಯಲ್ಲಿ ಹುಟ್ಟಿದ ಕೂಸನ್ನು ಮಡಿಲಲ್ಲಿ ಎತ್ತಿಕೊಂಡವಳೂ ಅವಳೇ. ಆ ಕೂಸೇ ದಾವೀದನ ಅಜ್ಜ. ಬಿಟ್ಟುಕೊಟ್ಟದ್ದರಿಂದ ನೊವೊಮಿಯ ಮನೆ ಬರಿದಾಗಲಿಲ್ಲ. ಇಷ್ಟು ವರ್ಷ ಓದಿದ್ದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮರುದಿನ ನಿಘಂಟಿನಿಂದ ಪತ್ರ ತೆಗೆದು ಸೊಸೆಯ ಕೈಗೆ ಕೊಟ್ಟು, ತಪ್ಪಾಯಿತೆಂದೆ. ಅವಳು ತಲೆ ತಗ್ಗಿಸಿಯೇ ಹೇಳಿದಳು: "ಪತ್ರ ಬಂದದ್ದು ನನಗ ಗೊತ್ತಿತ್ತು ಮಾಮಾ. ನೀವಾಗೇ ಕೊಡೋ ತನಕ ನಾ ಕೇಳಬಾರದು, ನಿಮ್ಮ ಮ್ಯಾಲ ನನಗ ಸಿಟ್ಟು ಬರಬಾರದು ಅಂತ ಪ್ರಾರ್ಥನಾ ಮಾಡಾಕತ್ತಿದ್ದೆ." ಒಂದೇ ಮನೆಯಲ್ಲಿ, ಒಂದೇ ಚಾಪೆಯ ಮೇಲೆ, ಎರಡು ಪ್ರಾರ್ಥನೆಗಳು ನಡೆದಿದ್ದವು. ಯಾವುದು ನಿಜವಾದದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಐದು ತಿಂಗಳು ಸಿದ್ಧತೆಗೆ ಹಿಡಿಯಿತು. ನಮ್ಮ ಅಯ್ಯನವರು ಅವಸರ ಮಾಡಲಿಲ್ಲ. ಅವರು ಇಬ್ಬರನ್ನೂ ಕೂರಿಸಿಕೊಂಡು ಹೇಳಿಕೊಟ್ಟದ್ದರಲ್ಲಿ ನನಗೆ ನೆನಪಿರುವುದನ್ನು ಹೇಳುತ್ತೇನೆ.

ಮೊದಲನೆಯದು, ಹಳೆಯ ಪ್ರಮಾಣದ ವಿಚಾರ. ಮತ್ತೆ ಮದುವೆಯಾಗುವವರನ್ನು ಒಳಗೊಳಗೇ ಕೊರೆಯುವುದು 'ನಾನು ಮಾತು ಮುರಿಯುತ್ತಿದ್ದೇನೆಯೇ' ಎಂಬ ಅಳುಕು. ಕ್ರೈಸ್ತ ಮದುವೆಯಲ್ಲಿ ಮಾಡುವ ಪ್ರಮಾಣ ಮರಣದವರೆಗಿನದು. ಮರಣವು ಅದನ್ನು ಮುರಿಯುವುದಿಲ್ಲ, ಪೂರೈಸುತ್ತದೆ. ಪೌಲನು ರೋಮಾಪುರದವರಿಗೂ ಕೊರಿಂಥದವರಿಗೂ ಬರೆದ ಪತ್ರಗಳಲ್ಲಿ ಇದನ್ನು ಸ್ಪಷ್ಟಪಡಿಸಿದ್ದಾನೆ: ಗಂಡ ಸತ್ತ ಮೇಲೆ ಹೆಂಡತಿ ಸ್ವತಂತ್ರಳು, ಕರ್ತನಲ್ಲಿ ಮದುವೆಯಾಗಬಹುದು. ಆದ್ದರಿಂದ ಮೊದಲ ಪ್ರಾರ್ಥನೆ ಕೃತಜ್ಞತೆಯದಾಗಿರಬೇಕು. ತೀರಿಹೋದವರೊಡನೆ ಕಳೆದ ವರ್ಷಗಳಿಗಾಗಿ ವಂದಿಸಿ, ಪೂರ್ತಿಯಾದ ಆ ಪ್ರಮಾಣವನ್ನು ದೇವರ ಕೈಗೆ ಒಪ್ಪಿಸಬೇಕು. ಸೊಸೆ ಒಂದು ಸಂಜೆ ನನ್ನ ಮಗನ ಸಮಾಧಿಯ ಬಳಿ ಒಬ್ಬಳೇ ಕುಳಿತು ಇದನ್ನು ಮಾಡಿ ಬಂದಳು. ನಾವು ಏನೂ ಕೇಳಲಿಲ್ಲ.

ಎರಡನೆಯದು, ಪಾಪ ನಿವೇದನೆ. ಸತ್ತವರನ್ನು ನಾವು ದೇವತೆಗಳನ್ನಾಗಿ ಮಾಡಿಬಿಡುತ್ತೇವೆ. ಹೊಸದಾಗಿ ಮನೆಗೆ ಬಂದವರು ಅವರೊಡನೆ ಸ್ಪರ್ಧಿಸಿ ಗೆಲ್ಲಲಾರರು. ಮೊದಲ ದಾಂಪತ್ಯದಲ್ಲಿ ತನ್ನಿಂದಾದ ತಪ್ಪನ್ನೂ ತನಗಾದ ನೋವನ್ನೂ ಇದ್ದಂತೆಯೇ ದೇವರ ಮುಂದೆ ಹೇಳಿ, ಕ್ಷಮೆ ಬೇಡಿ, ಕ್ಷಮಿಸಿ ಮುಂದೆ ಹೋಗಬೇಕು.

ಮೂರನೆಯದು, ಮಕ್ಕಳು. ಮಕ್ಕಳಿಗಾಗಿ ಪ್ರಾರ್ಥಿಸಿದರೆ ಸಾಲದು, ಮಕ್ಕಳೊಡನೆ ಪ್ರಾರ್ಥಿಸಬೇಕು. ಮೊಮ್ಮಗಳಿಗೆ ಆಗ ಏಳು ವರ್ಷ. ಒಂದು ರಾತ್ರಿ ಅವಳೇ ಪ್ರಾರ್ಥಿಸಿದಳು: "ದೇವರೇ, ಹೊಸ ಪಪ್ಪ ನನ್ನ ಪಪ್ಪನ ಫೋಟೋ ತೆಗೀಬಾರದು." ನಾವೆಲ್ಲ ಗಂಟಲು ಕಟ್ಟಿ ಕುಳಿತೆವು. ಆ ಪ್ರಾರ್ಥನೆಯನ್ನು ವಾಡಿಗೆ ಮುಟ್ಟಿಸಿದವರು ಅಯ್ಯನವರು. ಮುಂದಿನ ಭಾನುವಾರ ಆ ಮನುಷ್ಯ ಬಂದು, ಮಗುವನ್ನೇ ಕರೆದು, ವಾಡಿಯ ಮನೆಯಲ್ಲಿ ಫೋಟೋ ಯಾವ ಗೋಡೆಗೆ ಹಾಕೋಣ ಎಂದು ಕೇಳಿದರು. ನನ್ನ ಮನಸ್ಸಿನ ಕೊನೆಯ ಗಂಟು ಬಿಚ್ಚಿದ್ದು ಅಂದು.

ನಾಲ್ಕನೆಯದು ಪ್ರಾರ್ಥನೆಯಂತೆ ಕಾಣುವುದಿಲ್ಲ, ಆದರೂ ಹೇಳುತ್ತೇನೆ. ಮೊದಲ ಮದುವೆಯ ಮಗುವಿನ ಪಾಲಿನ ಹಣ, ಹೊಲ, ಮನೆ ಯಾವುದೆಂದು ಮದುವೆಗೆ ಮೊದಲೇ ಕಾಗದದ ಮೇಲೆ ಬರೆದಿಡಬೇಕು. ಮನಸ್ಸಿನ ಸಂಶಯ ಕಳೆಯದೆ ಕೈಯೆತ್ತಿ ಪ್ರಾರ್ಥಿಸಿದರೆ ಫಲವಿಲ್ಲ.

ಇನ್ನು ನಮ್ಮ ಭಾಗದ ಒಂದು ರೂಢಿಯ ಮಾತು. ಹಳ್ಳಿಗಳಲ್ಲಿ ಗಂಡ ಸತ್ತವಳ ಮದುವೆಗೆ ಉಡಿಕೆ ಎನ್ನುತ್ತಾರೆ. ಅದನ್ನು ರಾತ್ರಿ ಹೊತ್ತು, ಬಾಜಾಭಜಂತ್ರಿ ಇಲ್ಲದೆ, ಮುತ್ತೈದೆಯರ ಕಣ್ಣಿಗೆ ಬೀಳದಂತೆ ಮುಗಿಸುವುದು ಹಳೆಯ ಪದ್ಧತಿ. ಧರ್ಮ ಬದಲಾದರೂ ಮನೆಯ ಹಿರಿಯರ ಮನಸ್ಸು ಅಷ್ಟು ಬೇಗ ಬದಲಾಗುವುದಿಲ್ಲ. ನನ್ನ ಸೋದರತ್ತೆ, "ಸಂಜಿಗತ್ತಲದಾಗ ನಾಕ್ ಮಂದಿ ಕೂಡಿ ಮುಗಿಸ್ರಿ" ಎಂದರು. ಅಯ್ಯನವರು ನಕ್ಕು, "ನಾವೇನು ಕದ್ದ ಮಾಲು ತರಾಕತ್ತೇವೇನಮ್ಮಾ? ಹಾಡುಹಗಲೇ ಗಂಟೆ ಹೊಡೆದೇ ಮಾಡೋಣ" ಎಂದರು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯೂ ವಿಧವೆಯ ಮದುವೆಗೆ ಅಡ್ಡಿ ಮಾಡುವುದಿಲ್ಲ. 2012ರ ಮೇ ತಿಂಗಳಲ್ಲಿ, ಸಭೆ ತುಂಬಿದ್ದಾಗ, ಹಗಲು ಹನ್ನೊಂದು ಗಂಟೆಗೆ ಮದುವೆಯಾಯಿತು. ಸೊಸೆಯ ಕೈ ಹಿಡಿದು ಬಲಿಪೀಠದವರೆಗೆ ಕರೆದೊಯ್ದವನು ನಾನೇ.

ವಿಚ್ಛೇದನವಾದವರ ವಿಚಾರ ಬೇರೆ. ಅಲ್ಲಿ ಸಭೆಗಳ ನಿಯಮಗಳೂ ಬೇರೆ ಬೇರೆ. ಕಥೋಲಿಕರಲ್ಲಿ ನ್ಯಾಯಾಲಯದ ವಿಚ್ಛೇದನ ಸಾಲದು; ಮೊದಲನೆಯ ಮದುವೆ ಊರ್ಜಿತವಲ್ಲವೆಂದು ಧರ್ಮಸಭೆಯ ನ್ಯಾಯಮಂಡಲಿಯೇ ತೀರ್ಪು ಕೊಡಬೇಕು. ಅಂಥವರು ತಮ್ಮ ಗುರುಗಳನ್ನು ಕೇಳಿಯೇ ಮುಂದುವರಿಯಲಿ.

ಪತ್ರ ಬಚ್ಚಿಟ್ಟ ಆ ನಿಘಂಟಿನ ಬಗ್ಗೆ ಇನ್ನೊಂದು ಮಾತು. ಬಹಳ ಕಾಲದ ಮೇಲೆ ನಾನು ಫರ್ಡಿನಾಂಡ್ ಕಿಟ್ಟೆಲರ ಜೀವನವನ್ನು ಓದಿದೆ. ಅವರು 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಕನ್ನಡ ನಾಡಿಗೆ ಬಂದವರು. 1860ರಲ್ಲಿ ಪೌಲಿನಾ ಐತ್ ಎಂಬುವರನ್ನು ಮದುವೆಯಾದರು. 1864ರಲ್ಲಿ ಆಕೆ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಜೂಲಿಯನ್ನು ಕಿಟ್ಟೆಲರು ಮದುವೆಯಾದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಮಹಾ ನಿಘಂಟು ಹೊರಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಅವರ ಮುರಿದ ಮನೆ ಮತ್ತೆ ಕಟ್ಟಿಕೊಂಡಿತ್ತು. ಅವರಿಗಿಂತ ಹಿರಿಯರಾದ ಹರ್ಮನ್ ಮೋಗ್ಲಿಂಗ್, 1843ರಲ್ಲಿ ಮಂಗಳೂರು ಸಮಾಚಾರ ಆರಂಭಿಸಿದವರು, ಬಹುಕಾಲ ಅವಿವಾಹಿತರಾಗಿದ್ದರು. ಸತ್ಯವೇದದ ಕನ್ನಡ ಅನುವಾದದಲ್ಲಿ ದುಡಿದ ಅವರ ಬಂಧು ವೈಗ್ಲೆ 1855ರಲ್ಲಿ ತೀರಿಕೊಂಡ ಬಳಿಕ, ವೈಗ್ಲೆಯ ವಿಧವೆಯನ್ನು ಮದುವೆಯಾಗಿ ಆಕೆಯ ಮಕ್ಕಳಿಗೂ ತಂದೆಯಾದರು. ನಾನು ಆ ಪತ್ರವನ್ನು ಯಾರ ಪುಸ್ತಕದಲ್ಲಿ ಬಚ್ಚಿಟ್ಟಿದ್ದೆನೆಂದು ನೆನೆದು, ಒಬ್ಬನೇ ಕುಳಿತು ನಕ್ಕೆ.

ನನ್ನ ಹೆಂಡತಿ 2019ರಲ್ಲಿ ಹೋದಳು. ಕೊನೆಯ ಎರಡು ತಿಂಗಳು ಅವಳ ಸೇವೆ ಮಾಡಿದವರು ಸೊಸೆ ಮತ್ತು, ನಾನು ಮಗನೆಂದೇ ಕರೆಯುವ, ಆ ವಾಡಿಯ ಮನುಷ್ಯ. ಮೊಮ್ಮಗಳು ಈಗ ನರ್ಸಿಂಗ್ ಓದುತ್ತಿದ್ದಾಳೆ. ರಜೆಗೆ ಬಂದಾಗ ಈಗಲೂ ಆಮೆನ್ ಗಟ್ಟಿಯಾಗಿಯೇ ಅನ್ನುತ್ತಾಳೆ.

ಶಹಾಬಾದಿನ ನನ್ನ ವಿದ್ಯಾರ್ಥಿಗೆ ಇದೆಲ್ಲ ಹೇಳಿ, ಕೊನೆಗೆ ಇಷ್ಟು ಹೇಳಿದೆ: "ಏನಂತ ಪ್ರಾರ್ಥಿಸಬೇಕೆಂದು ಕೇಳಿದೆಯಲ್ಲ. ಮೊದಲು ನಿನಗೆ ಯಾವುದರ ಭಯವಿದೆಯೋ ಅದನ್ನು ದೇವರಿಗೆ ಹೇಳು. ನಿನಗೆ ಬೇಕಾದ ಉತ್ತರವನ್ನು ಕಪಾಟಿನಲ್ಲಿ ಬಚ್ಚಿಟ್ಟುಕೊಂಡು ಮಾತ್ರ ಮೊಣಕಾಲೂರಬೇಡ." ಅವನು ಎದ್ದು ಕಾಲು ಮುಟ್ಟಿ ಹೊರಟ. ಬಾಗಿಲಲ್ಲಿ ತಿರುಗಿ, "ನನ್ನ ಮಕ್ಕಳನ್ನ ಕರಕೊಂಡು ಒಮ್ಮೆ ಬರ್ತೀನಿ ಸರ್, ನೀವೂ ಕೂಡಿ ಪ್ರಾರ್ಥನಾ ಮಾಡ್ರಿ" ಎಂದ. ಅವರು ಬರುವ ಭಾನುವಾರಕ್ಕಾಗಿ ಕಾಯುತ್ತಿದ್ದೇನೆ. ಇದನ್ನು ಓದಿದ ನೀವೂ ನಿಮ್ಮ ನಿಮ್ಮ ದೇವರ ಮುಂದೆ ಆ ಎರಡು ಮಕ್ಕಳನ್ನು ಒಮ್ಮೆ ನೆನೆಯಿರಿ.