ದೀಪದ ಡಬ್ಬ ಬೇಡ ಅಂದಿದ್ದು

ಮಗಳಿಗೆ ಮನೇಲೇ ಕೂತು ಮಾಡೋ ಅಕೌಂಟ್ಸ್ ಕೆಲಸ ಸಿಕ್ತು. ಮೆಣಸು ಮಾರಿದ ದುಡ್ಡಲ್ಲಿ 30,000 ಎತ್ತಿಟ್ಟೆ. ಬಿಡಿ ಸಾಮಾನು ತಂದು ನಾನೇ ಜೋಡಿಸ್ತೀನಿ ಅಂದ್ಲು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗೋ ಮುಂಚೆ ಇಬ್ಬರೂ ಕೂತು, ದಿನಸಿಗೆ ಬರೆಯೋ ಹಂಗೆ ಚೀಟಿ ಬರೆದ್ವಿ.

ಪ್ರೊಸೆಸರ್ ತಗೊಳ್ಳುವಾಗ ಒಂದಕ್ಷರ ನೋಡ್ಕೋಬೇಕು ಕಣ್ರೇ. ಇಂಟೆಲ್ ಐ3 12100 ಅಂದ್ರೆ ಗ್ರಾಫಿಕ್ಸ್ ಒಳಗೇ ಅದೆ. ಅದೇ ನಂಬರಿನ ಕೊನೇಲಿ ಎಫ್ ಇದ್ರೆ ಇಲ್ಲ. ಅಗ್ಗಕ್ಕೆ ತಂದು ಆಮೇಲೆ ಬೇರೆ ಕಾರ್ಡಿಗೆ ದುಡ್ಡು ಸುರೀಬೇಕು. ರ‍್ಯಾಮ್ 8 ಜಿಬಿ ಸಾಕು, ಮುಂದೆ ಸೇರಿಸಬಹುದು. ಮಾನಿಟರ್ ನಮ್ಮ ನಾದಿನಿ ಮನೇದು, ಹಳೇದು.

ಜಗಳ ಆಗಿದ್ದು ಎಸ್‌ಎಂಪಿಎಸ್‌ಗೆ. ಗೋಡೆ ಕರೆಂಟನ್ನ 12 ವೋಲ್ಟಿಗೆ, ಅದಕ್ಕಿಂತ ಕಮ್ಮಿಗೂ ಇಳಿಸಿ ಒಳಗಿನ ಸಾಮಾನಿಗೆಲ್ಲ ಹಂಚೋದು ಅದೇ. ಅದರಲ್ಲಿ ಉಳಿಸಿ ಬಣ್ಣದ ದೀಪದ ಗಾಜಿನ ಕ್ಯಾಬಿನೆಟ್ ತರೋಣ ಅಂತ ಅವಳು. ಸಕಲೇಶಪುರದ ಮಳೇಲಿ ಕರೆಂಟು ಎಷ್ಟು ಸಲ ಹೋಗಿ ಬತ್ತದೆ, ನಿಮಗೇ ಗೊತ್ತಲ್ಲ! ಒಳ್ಳೆ ಎಸ್‌ಎಂಪಿಎಸ್, ಜೊತೆಗೊಂದು ಯುಪಿಎಸ್ ಇರಲೇಬೇಕು ಅಂದೆ. ಕೆಲಸ ಉಳಿಸಿ ಆಫ್ ಮಾಡೋಕೆ ಯುಪಿಎಸ್ ಕೊಡೋ ಹತ್ತು ನಿಮಿಷ ಸಾಕು. ಸಿಡಿಲಿಗೆ ಮಾತ್ರ ಅದನ್ನ ನಂಬಂಗಿಲ್ಲ, ಗುಡುಗು ಕೇಳಿದ ಕೂಡ್ಲೆ ಪ್ಲಗ್ ಕೀಳೋದೇ.

ಕೊನೆಗೆ ಸಾದಾ ಕರಿ ಡಬ್ಬ ಬಂತು. ಮೂರು ದಿನ ಮುಖ ಊದಿಸ್ಕೊಂಡಿದ್ಲು.