ರೋಗಿಯ ಮಾತು

ಶಾಲೆಯ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸ್ಮರಣ ಸಂಚಿಕೆಯ ಸಂಪಾದಕ ಮಿತ್ರರು ಕೇಳಿದ್ದರು. ಅವುಗಳನ್ನು ನನಗಿಂತ ಸೊಗಸಾಗಿ ಬರೆಯಬಲ್ಲವರು ಅನೇಕರಿದ್ದಾರೆ. ಕಳೆದ ಮಳೆಗಾಲದಲ್ಲಿ ಹರ್ನಿಯಾ ಶಸ್ತ್ರಚಿಕಿತ್ಸೆಗಾಗಿ ನಮ್ಮ ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ ಐದು ದಿನ ಮಲಗಿದ್ದಾಗ ಕಂಡದ್ದನ್ನು ಬರೆಯುತ್ತೇನೆ. ಕಾಸರಗೋಡಿನ ಕನ್ನಡ ಶಾಲೆಗೆ ಅದು ದೂರದ ವಿಷಯವೇನಲ್ಲ.

ಎರಡನೆಯ ದಿನ ನನ್ನನ್ನು ಕಿಟಕಿಯ ಬಳಿಯ 14ನೆಯ ಮಂಚಕ್ಕೆ ಬದಲಾಯಿಸಿದರು. ಅದುವರೆಗೆ ಅಲ್ಲಿದ್ದವರು ಮಧುಮೇಹದ ರೋಗಿ. ಅಂದು ರಾತ್ರಿಯ ಊಟಕ್ಕೆ ಮುನ್ನ ದಾದಿಯೊಬ್ಬಳು ಇನ್ಸುಲಿನ್ ತುಂಬಿದ ಸಿರಿಂಜನ್ನು ಹಿಡಿದು ನೇರವಾಗಿ ನನ್ನ ಬಳಿಗೇ ಬಂದಳು. ಇದು ಯಾತಕ್ಕೆಂದು ನನ್ನ ಹರಕು ಮಲಯಾಳದಲ್ಲಿ ಕೇಳಿದೆ. ಆಕೆ ಚೀಟಿ ನೋಡಿದವಳೇ ಮಾತಿಲ್ಲದೆ ಹಿಂತಿರುಗಿದಳು. ಸಕ್ಕರೆ ಕಾಯಿಲೆಯಿಲ್ಲದವನಿಗೆ ಇನ್ಸುಲಿನ್ ಚುಚ್ಚಿದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು, ಪ್ರಾಣಕ್ಕೂ ಸಂಚಕಾರ ಬರಬಹುದು. ಆ ಹುಡುಗಿಯನ್ನು ನಾನು ದೂರುವುದಿಲ್ಲ. ಇಡೀ ವಾರ್ಡಿಗೆ ಆ ರಾತ್ರಿ ಆಕೆಯೊಬ್ಬಳೇ. ಔಷಧ ಕೊಡುವ ಮುನ್ನ ರೋಗಿಯ ಎರಡು ಗುರುತುಗಳನ್ನಾದರೂ ತಾಳೆನೋಡಬೇಕು, ಕೋಣೆಯ ಸಂಖ್ಯೆಯನ್ನು ಗುರುತಾಗಿ ಹಿಡಿಯಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿಯೇ ಹೇಳಿದೆ. ಅದನ್ನು ನಡೆಸಿಕೊಡಬೇಕಾದುದು ಆಡಳಿತದವರು.

ನನಗೆ ಕೇಳಲು ನಾಲ್ಕು ಮಾತಾದರೂ ಬರುತ್ತಿತ್ತು. ಬದಿಯ ಮಂಚದ ವೃದ್ಧರ ಮಡದಿಗೆ ಅದೂ ಇರಲಿಲ್ಲ. ಮನೆಗೆ ಹೊರಡುವ ದಿನ ದಾದಿ ಎರಡು ಬಗೆಯ ಮಾತ್ರೆಗಳನ್ನು ಕೊಟ್ಟು, ಒಂದು ಊಟಕ್ಕೆ ‘ಮುಂಬು’, ಇನ್ನೊಂದು ‘ಶೇಷಂ’ ಎಂದಳು. ಮಲಯಾಳದಲ್ಲಿ ಮುಂಬು ಎಂದರೆ ಮೊದಲು, ಶೇಷಂ ಎಂದರೆ ಆಮೇಲೆ. ಆ ತಾಯಿಯ ಕಿವಿಗೆ ಮುಂಬು ‘ಮುಂದೆ’ಯಾಯಿತು. “ಮಾಷ್ಟ್ರೇ, ಸಕ್ಕರೆಯ ಮಾತ್ರೆ ಇನ್ನು ಮುಂದೆ ಯಾವಾಗಲೋ ಕೊಡುವುದಂತೆ. ಈ ಶೇಷ ಅಂದರೆ ಉಳಿದದ್ದಲ್ಲವಾ? ಯಾವುದರಲ್ಲಿ ಉಳಿದದ್ದು?” ಎಂದು ಕೇಳಿದರು. ಮೂವತ್ತು ವರ್ಷ ಭಾಗಾಕಾರ ಕಲಿಸಿದ ನನಗೂ ಶೇಷವೆಂದರೆ ಅದೇ. ಎರಡು ಪೊಟ್ಟಣಗಳ ಮೇಲೂ ‘ಊಟಕ್ಕೆ ಮೊದಲು’, ‘ಊಟದ ಬಳಿಕ’ ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಆಕೆ ಕೂಡಿಸಿ ಕೂಡಿಸಿ ಓದಿದರು. ಮೂರನೆಯ ತರಗತಿಯವರೆಗೆ ಕಲಿತಿದ್ದರಂತೆ.

ಮಂಗಳೂರಿಗೆ ಹೋಗಬಾರದೇಕೆ ಎನ್ನುವವರಿದ್ದಾರೆ. ಹೋಗುತ್ತೇವೆ, ಕೈಯಲ್ಲಿ ಹಣವಿದ್ದಾಗ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆಂಬುಲೆನ್ಸುಗಳೂ ಹಿಂತಿರುಗಬೇಕಾಯಿತೆಂಬುದನ್ನು ಇಲ್ಲಿ ಯಾರೂ ಮರೆತಿಲ್ಲ. ಸೆಪ್ಟೆಂಬರ್ 17 ವಿಶ್ವ ರೋಗಿ ಸುರಕ್ಷತಾ ದಿನ. ರೋಗಿಗಳ ದನಿಗೆ ಬಲ ಬರಬೇಕೆಂಬುದು 2023ರ ಆ ದಿನದ ಕರೆ. ಕರೆಯೇನೋ ಒಳ್ಳೆಯದು, ಆದರೆ ದನಿ ಯಾವ ಭಾಷೆಯಲ್ಲಿ ಹೊರಡಬೇಕು?

ಈಗ ನನ್ನ ಅಂಗಿಯ ಜೇಬಿನಲ್ಲೊಂದು ಚೀಟಿಯಿದೆ. ಹೆಸರು, ವಯಸ್ಸು, ನಿತ್ಯದ ಔಷಧಗಳು, ಪೆನಿಸಿಲಿನ್ ಒಗ್ಗದೆಂಬ ಸೂಚನೆ ಅದರಲ್ಲಿವೆ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲಿಯೂ. ಮಲಯಾಳದ ಭಾಗವನ್ನು ಬರೆದುಕೊಟ್ಟವಳು ಈ ಶಾಲೆಯಲ್ಲಿಯೇ ಓದಿ ಈಗ ದಾದಿಯಾಗಿರುವ ನನ್ನ ಶಿಷ್ಯೆ. ಕನ್ನಡದ ಭಾಗದಲ್ಲಿದ್ದ ಒಂದು ಒತ್ತಕ್ಷರವನ್ನು ಮಾತ್ರ ನಾನು ತಿದ್ದಿದೆ.